ಹುಳದ ಬೆನ್ನಿನ ಅಕ್ಕಿಕಾಳು

ಚಿಕ್ಕವನಿದ್ದಾಗ ಹಿತ್ತಲಲ್ಲಿ ಒಂದು ಹಸಿರು ಹುಳದ ಬೆನ್ನ ಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳನ್ನು ನೋಡಿ, ಹುಳ ಮೊಟ್ಟೆ ಇಟ್ಟಿದೆ ಅಂದುಕೊಂಡಿದ್ದೆ. ಅವು ಮೊಟ್ಟೆಗಳಲ್ಲ, ಹುಳವನ್ನು ಒಳಗಿಂದ ತಿಂದು ಹೊರಬಂದ ಕಣಜದ ಮರಿಗಳು ನೇಯ್ದುಕೊಂಡ ಗೂಡುಗಳು ಅಂತ ಗೊತ್ತಾಗಿದ್ದು ಬಿಇ ಮುಗಿಸಿದ ಮೇಲೆ. ಹೀಗೆ ಏಮಾರಿದವನು ನಾನೊಬ್ಬನೇ ಅಲ್ಲ ಬಿಡಿ. 17ನೇ ಶತಮಾನದಲ್ಲಿ ಹಾಲೆಂಡಿನ ಚಿತ್ರಕಾರ ಯೋಹಾನೆಸ್ ಗೂಡಾರ್ಟ್ ಹುಳಗಳನ್ನು ಸಾಕಿ ನೋಡಿದ. ಒಂದೇ ಜಾತಿಯ ಹುಳದಿಂದ ಒಮ್ಮೆ ಚಿಟ್ಟೆ ಬಂತು, ಇನ್ನೊಮ್ಮೆ ನೊಣದಂಥ ಕೀಟಗಳು ಬಂದವು. ಎರಡೂ ಆ ಹುಳದ್ದೇ ರೂಪಾಂತರ ಅಂತ ನಂಬಿದ.

1860ರ ಮೇ ತಿಂಗಳಲ್ಲಿ ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಒಂದು ಪತ್ರ ಬರೆದ. ಜೀವಂತ ಹುಳದ ಮೈಯೊಳಗೇ ಉಂಡು ಬೆಳೆಯುವ ಇಕ್ನ್ಯೂಮೊನಿಡ್ ಕಣಜಗಳನ್ನು ಕರುಣಾಮಯಿಯಾದ ದೇವರು ಬೇಕಂತಲೇ ಸೃಷ್ಟಿಸಿದ ಅಂತ ಒಪ್ಪೋಕೆ ತನ್ನಿಂದಾಗಲ್ಲ ಅನ್ನೋದು ಅವನ ಸಂಕಟ.

ಆದರೆ ಹುಳವೇನೂ ಸುಮ್ಮನೆ ಸಾಯೋದಿಲ್ಲ. ಹೊರಗಿನ ವಸ್ತು ಮೈಯೊಳಗೆ ಬಂದರೆ ಅದರ ರಕ್ತಕಣಗಳು ಸುತ್ತಲೂ ಮುತ್ತಿಕೊಂಡು ಉಸಿರುಗಟ್ಟಿಸುತ್ತವೆ. ಹಾಗಿದ್ದರೆ ಕಣಜದ ಮೊಟ್ಟೆ ಉಳಿಯೋದು ಹೇಗೆ? 1967ರಲ್ಲಿ ಕೇಂಬ್ರಿಜ್‌ನ ರೋಥರಾಮ್ ಅವರಿಗೆ ಒಂದು ಕಣಜದ ಮೊಟ್ಟೆಯ ಮೇಲೆ ವೈರಸ್ಸಿನಂಥ ಕಣಗಳು ಕಂಡವು. 1981ರಲ್ಲಿ ಎಡ್ಸನ್, ವಿನ್ಸನ್, ಸ್ಟೋಲ್ಟ್ಜ್, ಸಮ್ಮರ್ಸ್ ಇನ್ನೊಂದು ಜಾತಿಯ ಕಣಜದಲ್ಲಿ ಇದನ್ನು ಪರೀಕ್ಷಿಸಿದರು. ತೊಳೆದ ಮೊಟ್ಟೆಯನ್ನು ಹುಳದೊಳಗೆ ಇಟ್ಟರೆ ರಕ್ತಕಣಗಳು ಮುತ್ತಿಕೊಂಡವು. ಕಣಜದ ಅಂಡಾಶಯದಿಂದ ತೆಗೆದ ವೈರಸ್ಸನ್ನೂ ಜೊತೆಗೆ ಕೊಟ್ಟರೆ ಮೊಟ್ಟೆ ಉಳೀತು. ಕೆಲವು ಜಾತಿಗಳಲ್ಲಿ ಚುಚ್ಚುವಾಗ ಸೇರುವ ವಿಷವೂ ಈ ವೈರಸ್ಸಿಗೆ ಕೈಜೋಡಿಸುತ್ತದೆ.

ವೈರಸ್ಸು ಯಾರದು? 2009ರಲ್ಲಿ ಫ್ರಾನ್ಸಿನ ತಂಡವೊಂದು ಬ್ರಾಕೋನಿಡ್ ಕಣಜಗಳ ಮಟ್ಟಿಗೆ ಉತ್ತರ ಕೊಟ್ಟಿತು. ಸುಮಾರು 10 ಕೋಟಿ ವರ್ಷಗಳ ಹಿಂದೆ ಅವುಗಳ ಪೂರ್ವಜ ಕಣಜಕ್ಕೆ ತಗುಲಿದ ನ್ಯೂಡಿವೈರಸ್ ಅಲ್ಲೇ ವಂಶವಾಹಿಗಳಲ್ಲಿ ಬೇರುಬಿಟ್ಟಿತು. ಡಾರ್ವಿನ್ ಹೆಸರಿಸಿದ ಇಕ್ನ್ಯೂಮೊನಿಡ್‌ಗಳಲ್ಲಿ ಇರೋದು ಬೇರೆ ವೈರಸ್ಸು, ಬೇರೆಯಾಗಿ ಬಂದು ಸೇರಿಕೊಂಡಿದ್ದು.

ನಮ್ಮ ಕೆಲಸದಲ್ಲೂ ಹೀಗೇ. ಯಾರೋ ಹಿಂದಿನವರು ಬರೆದಿಟ್ಟ ಕೋಡನ್ನು ಯಾರೂ ಅಳಿಸೋದಿಲ್ಲ, ಅದಿಲ್ಲದೆ ಏನೂ ಓಡೋದಿಲ್ಲ. ಬ್ರಾಕೋನಿಡ್‌ಗಳಲ್ಲಿ ವೈರಸ್ಸನ್ನು ಕಟ್ಟುವ ಸೂಚನೆಗಳು ಕಣಜದ ಹತ್ತಿರವೇ ಇರುತ್ತವೆ. ಹುಳಕ್ಕೆ ಹೋಗೋದು ಹುಳವನ್ನು ಹಣಿಯುವ ಭಾಗ ಮಾತ್ರ, ಅಲ್ಲಿ ವೈರಸ್ಸು ಮರಿಹಾಕೋಕೆ ಆಗಲ್ಲ. ಡಾರ್ವಿನ್‌ನ ಪ್ರಶ್ನೆಗೆ ಇದು ಸಮಾಧಾನ ಅಲ್ಲ, ಹುಳದ ಸಂಕಟವೂ ಇದರಿಂದ ಕಮ್ಮಿಯಾಗಲ್ಲ. ಆದರೆ ಆ ಕ್ರೌರ್ಯವನ್ನು ಯಾರೂ ಕೂತು ಯೋಜಿಸಿರಲಿಲ್ಲ. ಬೇಟೆಗಾರ ಅಂತ ನಾವು ಕರೆಯೋ ಕಣಜವೂ ಒಂದು ಕಾಲಕ್ಕೆ ಬರೀ ಸೋಂಕು ತಗುಲಿದ ಜೀವಿಯಾಗಿತ್ತು.