ಕಬ್ಬನ್ ಪಾರ್ಕಿನ ಆಚೆ ಯಾರ ಕಾನೂನು?

ಒಂದೇ ಊರು, ಎರಡು ಕಾನೂನು. ಕೇಳೋಕೆ ವಿಚಿತ್ರ ಅನಿಸುತ್ತೆ, ಅಲ್ವಾ? ಆದರೆ ವೀಕ್ಷಕರೇ, ನಮ್ಮ ಬೆಂಗಳೂರು ಒಂದೆರಡು ವರ್ಷವಲ್ಲ, ಬರೋಬ್ಬರಿ 66 ವರ್ಷ ಹೀಗೇ ಬದುಕಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1809ರಲ್ಲಿ ಇಂಗ್ಲಿಷರು ಅಲ್ಲಿದ್ದ ಸೈನ್ಯವನ್ನು ಹಲಸೂರಿನ ಬಳಿಗೆ ತಂದರು. ಅದೇ ನಮ್ಮ ದಂಡು, ಅಂದರೆ ಕಂಟೋನ್ಮೆಂಟ್. 1831ರಲ್ಲಿ ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡರು. ಐವತ್ತು ವರ್ಷ ಕಳೆದು, 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟರು. ಕೊಟ್ಟರು ನಿಜ, ಪೂರ್ತಿ ಕೊಡಲಿಲ್ಲ! ದಂಡು ಪ್ರದೇಶವನ್ನು 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಅಂತ ತಮ್ಮ ಹತ್ತಿರವೇ ಇಟ್ಟುಕೊಂಡರು.

ಪರಿಣಾಮ ಏನು? ಚಿಕ್ಕಪೇಟೆ ಮಹಾರಾಜರದು. ಇವತ್ತು ನಾವು ಶಿವಾಜಿನಗರ ಅನ್ನೋ ಬ್ಲ್ಯಾಕ್‌ಪಲ್ಲಿ, ಹಲಸೂರು ಬ್ರಿಟಿಷರ ಕೈಯಲ್ಲಿ. ಅದನ್ನೂ ದಾಟಿ ಮದ್ರಾಸ್ ರಸ್ತೆಯಲ್ಲಿ ಕೃಷ್ಣರಾಜಪುರಕ್ಕೆ ಹೋದರೆ ಮತ್ತೆ ಮೈಸೂರು ರಾಜ್ಯ. ಪೇಟೆಯ ಜನರಿಗೆ ದೊಡ್ಡ ನ್ಯಾಯಾಲಯ 1884ರಲ್ಲಿ ಬಂದ ಮೈಸೂರಿನ ಚೀಫ್ ಕೋರ್ಟ್. 1930ರಲ್ಲಿ ಅದಕ್ಕೆ ಹೈಕೋರ್ಟ್ ಅಂತ ಹೆಸರಾಯಿತು. ದಂಡಿನವರಿಗೋ, ಹೈಕೋರ್ಟಿನ ಅಧಿಕಾರ ಬ್ರಿಟಿಷ್ ರೆಸಿಡೆಂಟರದು. ಅಂದರೆ ಮಹಾರಾಜರ ಬಳಿ ಇಂಗ್ಲಿಷರ ಪ್ರತಿನಿಧಿಯಾಗಿದ್ದವರೇ ದಂಡಿನ ಜನಕ್ಕೆ ನ್ಯಾಯ ಹೇಳುವವರೂ ಹೌದು. ಆಡಳಿತವೂ ಅವರದೇ, ತೀರ್ಪೂ ಅವರದೇ!

ಈಗ ಯೋಚಿಸಿ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗೆ ಸಾಲಕ್ಕೆ ಮಾಲು ಕೊಟ್ಟ ಅಂತಿಟ್ಟುಕೊಳ್ಳಿ. ದುಡ್ಡು ಬರಲಿಲ್ಲ. ದೂರ ಎಷ್ಟು? ಜಟಕಾ ಗಾಡಿಯ ದಾರಿ. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಬೇರೆ ಸೀಮೆ. ಇದಕ್ಕೇ ವ್ಯಾಪ್ತಿ ಅನ್ನೋದು. ವ್ಯಾಪ್ತಿ ಅನ್ನೋದು ವಕೀಲರ ಒಣ ಪದ ಅಲ್ಲ ಸ್ವಾಮಿ, ಬಡವನ ದುಡ್ಡು ಕೈಗೆ ಬರುತ್ತೋ ಇಲ್ಲವೋ ಅನ್ನೋ ಪ್ರಶ್ನೆ.

1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮೊದಲು, ದಂಡು ಮೈಸೂರಿಗೆ ಮರಳಿತು. ಆದರೆ ಧ್ವಜ ಬದಲಾದ ತಕ್ಷಣ ಕಾನೂನು ಬದಲಾಗಲ್ಲ. ಮೈಸೂರಿನ ಕಾನೂನುಗಳನ್ನು ಇಲ್ಲಿಗೆ ಅನ್ವಯಿಸೋಕೆ 1948ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. 1862ರಿಂದ ಬೇರೆ ಬೇರೆಯಾಗಿದ್ದ ಎರಡು ಪುರಸಭೆಗಳು 1949ರಲ್ಲಿ ಒಂದೇ ಕಾರ್ಪೊರೇಷನ್ ಆದವು. ದಂಡಿನ ಕಾಲದ ಮೇಯೋ ಹಾಲ್‌ನಲ್ಲಿ ಇಂದಿಗೂ ಸಿಟಿ ಸಿವಿಲ್ ಕೋರ್ಟಿನ ಘಟಕ ನಡೆಯುತ್ತಿದೆ.

ಹಾಗಾದರೆ ಗಡಿ ಅಳಿಸಿಹೋಯಿತಾ? ಇಲ್ಲ. ಕಬ್ಬನ್ ಪಾರ್ಕಿನ ಪಕ್ಕದಿಂದ ಎದ್ದು ನಿಮ್ಮ ಮೊಬೈಲಿನೊಳಗೆ ಬಂದು ಕೂತಿದೆ!

ಯಾವುದೇ ಆ್ಯಪ್ ಹಾಕಿಕೊಳ್ಳುವಾಗ 'ಒಪ್ಪಿದ್ದೇನೆ' ಅಂತ ಒತ್ತುತ್ತೀರಿ. ಓದುತ್ತೀರಾ? ಎಷ್ಟೋ ಕರಾರುಗಳ ಕೊನೆಯಲ್ಲಿ, ವ್ಯಾಜ್ಯವಾದರೆ ಇಂಥ ಊರಿನ ಕೋರ್ಟಿನಲ್ಲೇ ಅಂತ ಒಂದು ಸಾಲು ಇರುತ್ತೆ. ಕಂಪನಿಯ ಕಚೇರಿ ಇಂದಿರಾನಗರದಲ್ಲಿ, ಮೋಸಹೋದವರು ಬೀದರಿನಲ್ಲಿ. ಸಾವಿರ ರೂಪಾಯಿ ಮಿಕ್ಸಿಗಾಗಿ ಯಾರು ಬೆಂಗಳೂರಿಗೆ ಬಸ್ ಹತ್ತುತ್ತಾರೆ?

ಇಲ್ಲಿ ಸಂಸತ್ತು ಒಂದು ಒಳ್ಳೆಯ ಕೆಲಸ ಮಾಡಿತು. 1986ರ ಗ್ರಾಹಕ ಕಾಯ್ದೆಯಲ್ಲಿ ಎದುರಾಳಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆಯ ಪ್ರಕಾರ, ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗೆ ಶುಲ್ಕವೂ ಇಲ್ಲ. ಪೊಲೀಸ್ ಠಾಣೆಯಲ್ಲೂ ಅಷ್ಟೇ. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಜೀರೋ ಎಫ್‌ಐಆರ್ ಕಾನೂನಾಗಿದೆ. ಅಪರಾಧದ ದೂರು ತಂದವರನ್ನು 'ನಮ್ಮ ಲಿಮಿಟ್ಸ್ ಅಲ್ಲ' ಅಂತ ಹೇಳಿ ಕಳಿಸುವ ಹಾಗಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲ್ಲ. ಆ್ಯಪಿನಲ್ಲಿ ಮಾಲು ಮಾರುವ ಚಿಕ್ಕ ಅಂಗಡಿಯವನು ಆ ಕಂಪನಿಯ ಗ್ರಾಹಕನಲ್ಲ, ವ್ಯಾಪಾರಿ. ಅವನಿಗೆ ಸಾಮಾನ್ಯವಾಗಿ ಈ ರಕ್ಷಣೆ ಸಿಗಲ್ಲ. ಎರಡು ಮೂರು ಕೋರ್ಟುಗಳಿಗೆ ವ್ಯಾಪ್ತಿ ಇದ್ದಾಗ ಒಂದನ್ನೇ ಕರಾರಿನಲ್ಲಿ ಆರಿಸಿದರೆ ಅದು ಸಿಂಧು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಸರಿ, ಆದರೆ ಆರಿಸಿದ್ದು ಯಾರು? ಕಂಪನಿ. ಅಂಗಡಿಯವನು ಬರೀ ಬೆರಳು ಒತ್ತಿದ.

ಇದೇ ಪ್ರಶ್ನೆಯ ದೊಡ್ಡ ರೂಪ ಅಠಾರ ಕಚೇರಿಗೂ ಬಂತು. ಪೋಸ್ಟ್ ತೆಗೆಯಿರಿ ಅಂತ ಆದೇಶ ರವಾನಿಸುವ ಸಹಯೋಗ್ ಪೋರ್ಟಲನ್ನು ಎಕ್ಸ್ ಕಂಪನಿ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿತು. ಅಮೆರಿಕದ ವಾಕ್ ಸ್ವಾತಂತ್ರ್ಯದ ತತ್ವಗಳನ್ನು ಇಲ್ಲಿ ನಾಟಿ ಮಾಡೋಕಾಗಲ್ಲ ಅಂದಿತು. ಕಂಪನಿ ಮೇಲ್ಮನವಿ ಹಾಕಿತು. ನಾವು ಯಾರ ಪರವಾದರೂ ಇರಬಹುದು. ಆದರೆ ಗಮನಿಸಿ, ಅಷ್ಟು ದೊಡ್ಡ ಕಂಪನಿಗೆ ಬೆಂಗಳೂರಿಗೆ ಬರೋಕೆ ವಕೀಲರಿದ್ದಾರೆ, ಹಣವಿದೆ. ನಮ್ಮ ಅಂಗಡಿಯವನಿಗೆ?

ದಂಡಿನ ಗಡಿಯನ್ನು ಸಾಮ್ರಾಜ್ಯವೊಂದು ಎಳೆದಿತ್ತು, ಜನರನ್ನು ಕೇಳಲಿಲ್ಲ. ಇವತ್ತಿನ ಗಡಿಯನ್ನು ಕಂಪನಿಯ ಕರಾರು ಎಳೆಯುತ್ತಿದೆ. ಗ್ರಾಹಕನಿಗೆ ಕೊಟ್ಟ ಹಕ್ಕನ್ನು ಚಿಕ್ಕ ವ್ಯಾಪಾರಿಗೂ ಕೊಡಿ ಅಂತ ಕೇಳೋದು ತಪ್ಪಾ? ದುಡ್ಡು ಕಳೆದುಕೊಂಡವನ ಊರಿಗೇ ನ್ಯಾಯ ಬರಬೇಕು. ಆ್ಯಪು ಅವನ ಊರಿಗೆ ಬಂದಿಲ್ಲವೇ?