ಅಸೂಕರ್: ಸಕ್ಕರೆಗೆ ಅಂಟಿದ ಅಕಾರ

ಇಂಗ್ಲಿಷ್ ಬಲ್ಲವರು ಸ್ಪ್ಯಾನಿಷ್ ಕಲಿಯಲು ಕೂತರೆ ಮೊದಮೊದಲು ದಾರಿ ಸಲೀಸು. ನೇಷನ್ ಅಲ್ಲಿ ನಸಿಯೋನ್, ಹಾಸ್ಪಿಟಲ್ ಅಲ್ಲಿ ಓಸ್ಪಿತಾಲ್. ಎರಡೂ ಲ್ಯಾಟಿನ್ನಿನ ಬಳುವಳಿ. ಆದರೆ ಅಡುಗೆಮನೆಗೂ ಅಂಗಡಿಬೀದಿಗೂ ಬಂದಾಗ ಈ ಅನುಕೂಲ ಅಷ್ಟಾಗಿ ಒದಗುವುದಿಲ್ಲ. ರೈಸ್ ಎಂಬುದು ಅರ್ರೋಸ್, ಕಾಟನ್ ಎಂಬುದು ಅಲ್ಗೊದೋನ್, ಷುಗರ್ ಎಂಬುದು ಅಸೂಕರ್ (ಸ್ಪೇನ್ ದೇಶದ ಬಹುಭಾಗದಲ್ಲಿ ಅಥೂಕರ್). ಇವನ್ನು ಬರೀ ಬಾಯಿಪಾಠಕ್ಕೆ ಬಿಡುವುದು ಕಲಿಯುವವರಿಗೆ ಮಾಡುವ ಅನ್ಯಾಯ. ಮೊದಲಿಗೆ ಅಂಟಿಕೊಂಡ ಆ ಅಕಾರಕ್ಕೆ ದೊಡ್ಡ ಚರಿತ್ರೆಯಿದೆ.

ಅದು ಅರಬ್ಬೀ ಭಾಷೆಯ ‘ಅಲ್’. ನಾಮಪದಕ್ಕೆ ಮೊದಲು ಬರುವ ಈ ನಿರ್ದೇಶಕ (ಇಂಗ್ಲಿಷಿನ ‘ದಿ’ ಇದ್ದಂತೆ) ಸಕಾರದ ಎದುರು ಕರಗಿ ‘ಅಸ್’ ಆಗುತ್ತದೆ. ಸುಕ್ಕರ್ ಎಂಬುದು ಅಸ್ಸುಕ್ಕರ್ ಆಗುತ್ತದೆ. ಅರಬರೂ ಉತ್ತರ ಆಫ್ರಿಕಾದ ಬರ್ಬರರೂ 711ರಲ್ಲಿ ಐಬೀರಿಯಾ, ಅಂದರೆ ಈಗಿನ ಸ್ಪೇನ್-ಪೋರ್ಚುಗಲ್ ನೆಲ, ಹೊಕ್ಕರು. ಅಲ್ಲಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ 1492ರಲ್ಲಿ ಬಿತ್ತು. ಅಷ್ಟು ಶತಮಾನ ಅಕ್ಕಪಕ್ಕ ಬಾಳಿದ ಜನ ಪದವನ್ನು ಕಿವಿಗೆ ಬಿದ್ದ ಹಾಗೆಯೇ, ನಿರ್ದೇಶಕದ ಸಮೇತ, ತಮ್ಮದಾಗಿಸಿಕೊಂಡರು. ಇಂಗ್ಲಿಷಿಗೆ ಅದೇ ಪದ ಬಂದದ್ದು ಫ್ರೆಂಚಿನ ಮೂಲಕ. ಆ ಹಾದಿಯಲ್ಲಿ ‘ಅಲ್’ ಉಳಿಯಲಿಲ್ಲ. ಸ್ಪ್ಯಾನಿಷ್ ಆದರೋ ಇಂದಿಗೂ ತನ್ನ ‘ಎಲ್’ ಸೇರಿಸಿ ‘ಎಲ್ ಅಸೂಕರ್’ ಎನ್ನುತ್ತದೆ: ಒಂದೇ ಪದಕ್ಕೆ ಎರಡು ಭಾಷೆಗಳ ಎರಡು ನಿರ್ದೇಶಕ! ಲಿಂಗವೂ ತೂಗಾಡುತ್ತದೆ. ಪುಲ್ಲಿಂಗದ ‘ಎಲ್’ ಇಟ್ಟು, ಸ್ತ್ರೀಲಿಂಗದ ವಿಶೇಷಣ ಸೇರಿಸಿ ‘ಎಲ್ ಅಸೂಕರ್ ಬ್ಲಾಂಕಾ’ (ಬಿಳಿ ಸಕ್ಕರೆ) ಎಂದರೂ ತಪ್ಪಲ್ಲ.

ಅರಬರಿಗೆ ಈ ಪದ ಸಿಕ್ಕಿದ್ದು ಪಾರಸಿಯ ‘ಶಕರ್’ನಿಂದ, ಪಾರಸಿಗೆ ನಮ್ಮ ನೆಲದಿಂದ. ಸಂಸ್ಕೃತದ ಶರ್ಕರಾ ಎಂದರೆ ಮೊದಲು ಹರಳುಕಲ್ಲು, ಗರಸು. ಕಬ್ಬಿನ ರಸ ಕಾಯಿಸಿದಾಗ ಮೂಡುವ ಹರಳಿಗೂ ಅದೇ ಹೆಸರಾಯಿತು. ಕನ್ನಡದ ಸಕ್ಕರೆ ಪ್ರಾಕೃತದ ಮೂಲಕ ಬಂದ ರೂಪ. ಪಠ್ಯಪುಸ್ತಕದ ಶರ್ಕರಪಿಷ್ಟದಲ್ಲಿ ಮೂಲರೂಪವೇ ಇದೆ. ಕಲ್ಲುಸಕ್ಕರೆ ಎನ್ನುವಾಗ ನಾವು ಅರಿಯದೆಯೇ ಕಲ್ಲನ್ನು ಎರಡು ಸಲ ಹೇಳುತ್ತೇವೆ. ಅದಕ್ಕೆ ಸ್ಪ್ಯಾನಿಷಿನಲ್ಲಿ ‘ಅಸೂಕರ್ ಕಾಂದೆ’. ಆ ಕಾಂದೆಯೂ ಸಂಸ್ಕೃತದ ‘ಖಂಡ’, ಅರಬ್ಬಿಯಲ್ಲಿ ‘ಕಂದ್’ ಆಗಿ ಹೋದದ್ದು. ಮಲಯಾಳದ ‘ಚಕ್ಕರ’ವನ್ನು ಪೋರ್ಚುಗೀಸರು ಒಯ್ದು, ಅದು ಇಂಗ್ಲಿಷಿನ ಜಾಗರಿ (ಬೆಲ್ಲ) ಆಯಿತು. ಹೀಗೆ ಷುಗರ್, ಜಾಗರಿ ಎರಡೂ ಒಂದೇ ಬೇರಿನವು.

ಪದದಂತೆ ಬೆಳೆಯೂ ಕಡಲು ದಾಟಿತು: 1493ರ ಎರಡನೇ ಯಾನದಲ್ಲಿ ಕೊಲಂಬಸ್ ಕಬ್ಬನ್ನು ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲಾ ದ್ವೀಪಕ್ಕೆ ಒಯ್ದ. ಮುಂದೆ ಕೆರಿಬಿಯನ್ ದ್ವೀಪಗಳಲ್ಲಿ ಅಸೂಕರ್ ಎಂದರೆ ಆಫ್ರಿಕಾದಿಂದ ಹಿಡಿದು ತಂದವರ ಬೆವರು, ನೆತ್ತರು. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1886ರಲ್ಲಿ. ಅದೇ ಕ್ಯೂಬಾದ ಕಪ್ಪು ಗಾಯಕಿ ಸೆಲಿಯಾ ಕ್ರೂಸ್ ವೇದಿಕೆಯ ಮೇಲೆ ‘ಅಸೂಕರ್!’ ಎಂದು ಕೂಗಿ ಕೇಳುಗರನ್ನು ಕುಣಿಸಿದರು. 2024ರಲ್ಲಿ ಅಮೆರಿಕ ಹೊರತಂದ ಕಾಲು ಡಾಲರ್ ನಾಣ್ಯದ ಮೇಲೆ ಅವರ ಚಿತ್ರದ ಜೊತೆ ಆ ಕೂಗನ್ನೂ ಕೆತ್ತಲಾಗಿದೆ.

ಸ್ಪ್ಯಾನಿಷ್ ಕಲಿಯುವ ಕನ್ನಡಿಗರೇ, ಈ ಪದಕ್ಕೆ ಇಂಗ್ಲಿಷಿನ ಷುಗರ್ ಹಿಡಿದು ಹೋಗಬೇಡಿ; ಸಕ್ಕರೆಯಿಂದಲೇ ಹೊರಡಿ, ದಾರಿ ಹತ್ತಿರ.