ಕೈಯಲ್ಲಿಲ್ಲದ ಚಿಪ್ಪಿಗೆ ಪ್ರೋಗ್ರಾಮು: ಸಿಮ್ಯುಲೇಟರ್ ನಡೆದುಬಂದ ದಾರಿ

ಮೈಕ್ರೊಕಂಟ್ರೋಲರ್ ಸಿಮ್ಯುಲೇಟರ್ ಎಂದರೆ ಒಂದು ಚಿಪ್ಪಿನ ನಡವಳಿಕೆಯನ್ನು ಬೇರೊಂದು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ. ಚಿಪ್ಪಿನ ರಿಜಿಸ್ಟರು, ಮೆಮೊರಿ, ಪೋರ್ಟುಗಳಿಗೆ ಅದರೊಳಗೆ ಒಂದೊಂದು ಜಾಗವಿರುತ್ತದೆ; ಪ್ರೋಗ್ರಾಮಿನ ಆದೇಶಗಳನ್ನು ಸಾಲಾಗಿ ಓದುತ್ತ ಅದು ಆ ಜಾಗಗಳಲ್ಲಿನ ಅಂಕಿಗಳನ್ನು ಬದಲಿಸುತ್ತ ಹೋಗುತ್ತದೆ.

ಇಂಟೆಲ್ 4004 ಮೈಕ್ರೊಪ್ರೊಸೆಸರ್ ಚಿಪ್ಪು ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗ್ಯಾರಿ ಕಿಲ್ಡಾಲ್, ಶಾಲೆಯ ದೊಡ್ಡ ಕಂಪ್ಯೂಟರಿನಲ್ಲೇ ಅದರ ಸಿಮ್ಯುಲೇಟರ್ ಬರೆದರು. ಮುಂದೆ ಇಂಟೆಲ್‌ಗೆ ಸಲಹೆಗಾರರಾಗಿ 8008 ಚಿಪ್ಪಿನ ಕೆಲಸಕ್ಕೂ ಕೈಹಾಕಿದರು.

ಈ ವಿದ್ಯೆಯ ಬಲ ಲೋಕಕ್ಕೆ ಕಂಡದ್ದು 1975ರಲ್ಲಿ. ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರಿಗೆ ಬೇಸಿಕ್ ಭಾಷೆ ಒದಗಿಸಲು ಹೊರಟ ಪಾಲ್ ಆಲೆನ್, ಬಿಲ್ ಗೇಟ್ಸ್ ಇಬ್ಬರ ಬಳಿಯೂ ಆ ಯಂತ್ರವಿರಲಿಲ್ಲ. ಹಾರ್ವರ್ಡ್‌ನ ಪಿಡಿಪಿ-10 ಕಂಪ್ಯೂಟರಿನಲ್ಲಿ ಆಲೆನ್, ಆಲ್ಟೇರ್‌ನೊಳಗಿನ 8080 ಚಿಪ್ಪಿನ ಸಿಮ್ಯುಲೇಟರ್ ಸಿದ್ಧಪಡಿಸಿದರು. ಬೇಸಿಕ್ ಬೆಳೆದದ್ದು ಅದರ ಮೇಲೆ. ಆಲ್ಟೇರ್ ತಯಾರಕರಿದ್ದ ಆಲ್ಬುಕರ್ಕಿಗೆ ಆಲೆನ್ ಕಾಗದದ ಟೇಪು ಹೊತ್ತು ಹೋದಾಗ ಬೇಸಿಕ್ ನಿಜವಾದ ಆಲ್ಟೇರ್‌ನಲ್ಲಿ ಎರಡನೆಯ ಯತ್ನಕ್ಕೇ ಓಡಿತು. ಒಂದೇ ಒಂದು ಆದೇಶದ ಅರ್ಥವನ್ನು ಆಲೆನ್ ತಪ್ಪಾಗಿ ಗ್ರಹಿಸಿದ್ದರೂ ಶ್ರಮವೆಲ್ಲ ಅಲ್ಲೇ ಮುಗ್ಗರಿಸಬಹುದಿತ್ತು. ಸಿಮ್ಯುಲೇಟರ್‌ಗೆ ಇದು ದೊಡ್ಡ ಪರೀಕ್ಷೆಯೇ ಆಗಿತ್ತು.

ಪ್ರೊಸೆಸರ್, ಮೆಮೊರಿ, ಪೋರ್ಟುಗಳೆಲ್ಲ ಒಂದೇ ಚಿಪ್ಪಿನಲ್ಲಿರುವ ಮೈಕ್ರೊಕಂಟ್ರೋಲರ್‌ಗಳು ಬಂದಮೇಲೆ ಸಿಮ್ಯುಲೇಟರ್‌ನ ಅಗತ್ಯ ಇನ್ನೂ ಹೆಚ್ಚಿತು. 1976ರ 8748ರಂಥ ಚಿಪ್ಪಿನಲ್ಲಿ ಪ್ರೋಗ್ರಾಮು ತಪ್ಪಾದರೆ, ಅದರ ಕ್ವಾರ್ಟ್ಸ್ ಕಿಂಡಿಯ ಮೂಲಕ ಹತ್ತಿಪ್ಪತ್ತು ನಿಮಿಷ ನೇರಳಾತೀತ ಬೆಳಕು ಬಿಟ್ಟು ಅಳಿಸಿ, ಮತ್ತೆ ಬರೆಯಬೇಕಿತ್ತು. ತಪ್ಪನ್ನು ಮೊದಲೇ ಹಿಡಿಯುವುದೇ ಜಾಣತನ. ಆದರೆ ಇಲ್ಲಿ ಆದೇಶಗಳ ಜೊತೆಗೆ ಟೈಮರು, ಇಂಟರಪ್ಟು, ಪೋರ್ಟುಗಳನ್ನೂ ಅನುಕರಿಸಬೇಕು, ಕಾಲದ ಲೆಕ್ಕವನ್ನೂ ಇಡಬೇಕು. 1980ರ 8051ರಲ್ಲಿ 12 ಮೆಗಾಹರ್ಟ್ಸ್ ಗಡಿಯಾರಕ್ಕೆ ಒಂದು ಮಷೀನ್ ಸೈಕಲ್ ಎಂದರೆ 1 ಮೈಕ್ರೊಸೆಕೆಂಡ್. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಕೈಲ್ ತಂತ್ರಾಂಶದಲ್ಲಿ 8051 ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ನಡೆಸಿ ನೋಡಿದ ವಿದ್ಯಾರ್ಥಿಗಳಿಗೆ ಈ ಲೆಕ್ಕ ಪರಿಚಿತ.

ಬ್ರಿಟನ್ನಿನ ಲ್ಯಾಬ್‌ಸೆಂಟರ್ ಸಂಸ್ಥೆಯ ಪ್ರೋಟಿಯಸ್, ಚಿಪ್ಪಿನ ಜೊತೆಗೆ ಸುತ್ತಲಿನ ಸರ್ಕ್ಯೂಟನ್ನೂ ಪರದೆಗೆ ತಂದಿತು. 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ ಎಂಬ ಮೈಕ್ರೊಕಂಟ್ರೋಲರ್ ಬೋರ್ಡು ಹವ್ಯಾಸಿಗಳನ್ನು ಸೆಳೆಯಿತು. ಟಿಂಕರ್‌ಕ್ಯಾಡ್, ವೊಕ್ವಿಯಂಥ ಆನ್‌ಲೈನ್ ಸಿಮ್ಯುಲೇಟರ್‌ಗಳಿಂದಾಗಿ ಈಗ ಕಲಿಕೆ ಶುರುಮಾಡಲು ಬ್ರೌಸರ್ ಸಾಕು.

ವಿದ್ಯುತ್ ಪೂರೈಕೆಯ ಏರಿಳಿತ, ಸಡಿಲ ತಂತಿ, ಬಿಸಿಯೇರುವ ಬಿಡಿಭಾಗ ಇವು ಈಗಲೂ ಸಿಮ್ಯುಲೇಟರ್‌ಗೆ ಸುಲಭಕ್ಕೆ ಸಿಗುವುದಿಲ್ಲ. ನಿಜಲೋಕದ ಕೆಲವು ತೊಡಕುಗಳು ಮಾತ್ರ ಅದರೊಳಗೆ ಬಂದಿವೆ: ಗುಂಡಿ ಒತ್ತಿದಾಗ ಅದರ ಲೋಹದ ತುದಿಗಳು ಕ್ಷಣಕಾಲ ಅದುರಿ ಒಂದು ಒತ್ತು ಹಲವಾಗಿ ಎಣಿಕೆಯಾಗುವ ತೊಡಕನ್ನು ವೊಕ್ವಿ ಉದ್ದೇಶಪೂರ್ವಕವಾಗಿಯೇ ಅನುಕರಿಸುತ್ತದೆ.